ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಬಿಪಿ ನೋಡೋದು ಯಾಕೆ?

“ಇಡೀ ದಿನ ನೋವಿನಲ್ಲಿ ಒದ್ದಾಡಿ ಈಗಷ್ಟೇ ಕಣ್ಣು ಹತ್ತಿತ್ತು. ಅಷ್ಟರಲ್ಲಿ ಸಿಸ್ಟರ್ ಬಂದು ಎಬ್ಬಿಸಿ ಬಿಪಿ ನೋಡಿದರು. ಬೆಳಿಗ್ಗೆ ನೋಡಿದ್ದರೆ ಆಗ್ತಿರಲಿಲ್ವಾ?” ಆಸ್ಪತ್ರೆಯಲ್ಲಿ ತಮ್ಮವರ ಮಂಚದ ಪಕ್ಕ ರಾತ್ರಿ ಕಳೆದವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: “ಮಾನಿಟರ್ ಹಾಕಿಬಿಟ್ಟರೆ ಸಾಲದಾ?”

ಎಬ್ಬಿಸುವುದು ಬರೀ ಬಿಪಿಗಾಗಿ ಅಲ್ಲ. ಆ ನಾಲ್ಕೈದು ನಿಮಿಷದಲ್ಲಿ ಏಳು ಸಂಗತಿಗಳನ್ನು ನೋಡಬೇಕು. ಅವುಗಳಲ್ಲಿ ಬಿಪಿ ಬಹಳ ಸಲ ಕೊನೆಗೆ ಕೆಡುವಂಥದ್ದು, ಉಸಿರು ಬಹಳ ಸಲ ಮೊದಲು ಕೆಡುವಂಥದ್ದು. ಹೊರಗಿನವರಿಗೆ ಕಾಣುವುದು ತೋಳಿಗೆ ಸುತ್ತಿದ ಪಟ್ಟಿ ಮಾತ್ರ.

1990ರಲ್ಲಿ ಅಮೆರಿಕದ ಮಯಾಮಿಯ ವೈದ್ಯರು, ಆಸ್ಪತ್ರೆಯಲ್ಲಿದ್ದಾಗಲೇ ಹೃದಯ ನಿಂತುಹೋದ 64 ರೋಗಿಗಳ ದಾಖಲೆಗಳನ್ನು ಹಿಂದಕ್ಕೆ ತಿರುವಿ ನೋಡಿದರು. ಶೇ. 84ರಷ್ಟು ರೋಗಿಗಳ ಸ್ಥಿತಿ ಅದಕ್ಕೆ ಮುಂಚಿನ 8 ಗಂಟೆಯೊಳಗೇ ಬಿಗಡಾಯಿಸಿತ್ತು, ಇಲ್ಲವೇ ಅವರು ಹೊಸ ತೊಂದರೆ ಹೇಳಿಕೊಂಡಿದ್ದರು. ಅದು ಕಾಗದದ ಮೇಲೆ ಬರೆದೂ ಇತ್ತು. ಹೆಚ್ಚಿನವು ಉಸಿರಾಟದಲ್ಲಿ ಮತ್ತು ಪ್ರಜ್ಞೆಯಲ್ಲಿ ಆದ ಬದಲಾವಣೆಗಳು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎಣಿಸಿದರೂ 8 ಗಂಟೆಯೇ ಆಗುತ್ತದೆ. “ಬೆಳಿಗ್ಗೆ ನೋಡಿದರಾಯಿತು” ಎಂದರೆ ಎಚ್ಚರಿಕೆ ಕೊಡುವ ಅಷ್ಟೂ ಹೊತ್ತನ್ನು ಬಿಟ್ಟುಕೊಟ್ಟಂತೆ.

ಉಸಿರು ಯಾಕೆ ಮೊದಲು? ಸೋಂಕು ರಕ್ತಕ್ಕೆ ಹರಡಿದಾಗ ಅಥವಾ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವಾಗ ಅಂಗಾಂಶಗಳಿಗೆ ರಕ್ತ, ಆಮ್ಲಜನಕ ಸಾಲದಾಗಿ ಲ್ಯಾಕ್ಟೇಟ್ (ಆಮ್ಲಜನಕ ಕಡಿಮೆಯಾದಾಗ ಜೀವಕೋಶಗಳಲ್ಲಿ ಹೆಚ್ಚುವ ವಸ್ತು) ಏರುತ್ತದೆ, ರಕ್ತ ಆಮ್ಲೀಯವಾಗುತ್ತದೆ. ದೇಹ ಅದನ್ನು ಸರಿದೂಗಿಸುವುದು ಇಂಗಾಲದ ಡೈಆಕ್ಸೈಡನ್ನು ಬೇಗ ಬೇಗ ಹೊರಹಾಕಿ, ಅಂದರೆ ಉಸಿರಿನ ವೇಗ ಹೆಚ್ಚಿಸಿ. ಜೊತೆಗೆ ಹೃದಯ ಜೋರಾಗಿ ಬಡಿಯುತ್ತದೆ, ಕೈಕಾಲಿನ ರಕ್ತನಾಳಗಳು ಬಿಗಿಯುತ್ತವೆ. ಇಷ್ಟೆಲ್ಲ ನಡೆಯುತ್ತಿರುವಾಗ ಬಿಪಿ ನೆಟ್ಟಗೇ ನಿಂತಿರುತ್ತದೆ. ಗಟ್ಟಿಮುಟ್ಟಾದ ಹರೆಯದವರಲ್ಲಂತೂ ದೇಹ ಕೈಚೆಲ್ಲುವವರೆಗೂ ಅದು ಇಳಿಯುವುದಿಲ್ಲ.

ಈ ಸಣ್ಣ ಸಣ್ಣ ಬದಲಾವಣೆಗಳನ್ನು ಒಟ್ಟಿಗೆ ಹಿಡಿಯಲು ಅಂಕ ಕೊಡುವ ಪದ್ಧತಿ ಬಂದಿತು. ಈಗ ಹೆಚ್ಚು ಬಳಕೆಯಲ್ಲಿರುವುದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ‘ನ್ಯೂಸ್ 2’ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಅಂಕಪಟ್ಟಿ. ಉಸಿರು, ಆಮ್ಲಜನಕದ ಮಟ್ಟ, ಆಮ್ಲಜನಕ ಹಾಕಿದ್ದಾರೋ ಇಲ್ಲವೋ, ಬಿಪಿಯ ಮೇಲಿನ ಸಂಖ್ಯೆ, ನಾಡಿ, ಪ್ರಜ್ಞೆ, ಜ್ವರ – ಪ್ರತಿಯೊಂದಕ್ಕೂ ಸರಿಯಿದ್ದರೆ ಸೊನ್ನೆ, ದಾರಿ ತಪ್ಪಿದಷ್ಟೂ ಹೆಚ್ಚು ಅಂಕ, ಗರಿಷ್ಠ 3. ಮೊತ್ತ 1ರಿಂದ 4 ಇದ್ದರೆ 4–6 ಗಂಟೆಗೊಮ್ಮೆಯಾದರೂ ಮತ್ತೆ ನೋಡಬೇಕು. 5 ಮುಟ್ಟಿದರೆ ಗಂಟೆಗೊಮ್ಮೆ ನೋಡಬೇಕು, ವೈದ್ಯರು ತುರ್ತಾಗಿ ಬರಬೇಕು. 7 ಮುಟ್ಟಿದರೆ ಕಣ್ಣು ತೆಗೆಯುವಂತಿಲ್ಲ. ಒಂದೇ ಒಂದು ಅಳತೆಗೆ 3 ಬಂದರೂ ಗಂಟೆಗೊಮ್ಮೆ ನೋಡಬೇಕು. 16 ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಈ ಅಂಕಪಟ್ಟಿ ಸಲ್ಲದು, ಅವರಿಗೆ ಬೇರೆಯೇ ಇವೆ.

ಒಂದು ಲೆಕ್ಕ ಮಾಡಿ ನೋಡೋಣ. ಕರುಳಿನ ಆಪರೇಷನ್ ಆಗಿ ನಾಲ್ಕನೇ ದಿನದ ರೋಗಿ. ರಾತ್ರಿ 2 ಗಂಟೆಗೆ ಉಸಿರು ನಿಮಿಷಕ್ಕೆ 22, ಆಮ್ಲಜನಕ 95, ಬಿಪಿ 108, ನಾಡಿ 104, ಜ್ವರ 37.8 ಡಿಗ್ರಿ ಸೆಲ್ಸಿಯಸ್. ಆಮ್ಲಜನಕ ಹಾಕಿಲ್ಲ, ಎಚ್ಚರವಿದ್ದಾರೆ, ಮಾತು ಸರಿಯಿದೆ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಹೆದರಿಸುವ ಸಂಖ್ಯೆಯಲ್ಲ. ಆದರೆ ಉಸಿರಿಗೆ 2, ಆಮ್ಲಜನಕಕ್ಕೆ 1, ಬಿಪಿಗೆ 1, ನಾಡಿಗೆ 1, ಒಟ್ಟು 5. ಡ್ಯೂಟಿ ಡಾಕ್ಟರನ್ನು ಈಗಲೇ ಕರೆಯಬೇಕು.

ಇದೇ ರೋಗಿಯ ಉಸಿರನ್ನು ಎಣಿಸದೆ ಚಾರ್ಟಿನಲ್ಲಿ 18 ಎಂದು ಬರೆದುಬಿಟ್ಟರೆ? 12ರಿಂದ 20ರವರೆಗೆ ಸೊನ್ನೆ ಅಂಕ. ಮೊತ್ತ 3ಕ್ಕೆ ಇಳಿಯಿತು. ಗಂಟೆಯೊಳಗೆ ಮತ್ತೆ ನೋಡಬೇಕಿದ್ದವರನ್ನು ಬೆಳಗಿನ ಆರರವರೆಗೂ ಯಾರೂ ನೋಡಬೇಕಿಲ್ಲ ಎಂದಾಯಿತು. ನನ್ನ ಮಟ್ಟಿಗೆ ವಾರ್ಡಿನ ಅತ್ಯಂತ ಅಪಾಯಕಾರಿ ಸಂಖ್ಯೆ ಈ ಊಹೆಯ 18. ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡದ್ದೂ ಇದೇ: ಉಳಿದ ಬಹುಪಾಲು ಅಳತೆಗಳಿಗೆ ಯಂತ್ರವಿದೆ, ಉಸಿರಿಗೆ ಗಡಿಯಾರ ಮತ್ತು ಒಂದು ನಿಮಿಷದ ಸಹನೆ ಬೇಕು. ಹಾಗಾಗಿ ಬಿಟ್ಟುಹೋಗುವುದೂ ಊಹಿಸಿ ಬರೆಯುವುದೂ ಅದನ್ನೇ ಹೆಚ್ಚು.

ಎಣಿಸುವ ಕ್ರಮ ಹೀಗೆ. ರೋಗಿಗೆ ಹೇಳಬಾರದು, ಹೇಳಿದ ಕೂಡಲೇ ಉಸಿರಾಟದ ಲಯ ಬದಲಾಗುತ್ತದೆ. ನಾಡಿ ಹಿಡಿದ ಕೈ ಬಿಡದೆ, ನಾಡಿಯನ್ನೇ ಎಣಿಸುತ್ತಿರುವಂತೆ ಎದೆ-ಹೊಟ್ಟೆಯ ಏರಿಳಿತ ನೋಡಬೇಕು. ಮಬ್ಬು ಬೆಳಕಿದ್ದರೆ ರೋಗಿಯ ಮುಂಗೈಯನ್ನು ಅವರ ಎದೆಯ ಮೇಲಿಟ್ಟು ಹಿಡಿದುಕೊಂಡರೆ ಏರಿಳಿತ ಕೈಗೇ ತಿಳಿಯುತ್ತದೆ. ಏರಿದ್ದೂ ಇಳಿದದ್ದೂ ಸೇರಿ ಒಂದು. ಪೂರ್ತಿ 60 ಸೆಕೆಂಡು ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದರೂ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ, 20 ಇದ್ದದ್ದು 24 ಆಗಬಹುದು, 24 ಇದ್ದದ್ದು 20. ರೋಗಿಯನ್ನು ಎಬ್ಬಿಸುವ ಮೊದಲೇ ಉಸಿರು ಎಣಿಸುವುದು ಒಳ್ಳೆಯದು, ನಿದ್ದೆಯಲ್ಲಿ ಸಿಗುವಷ್ಟು ಸಹಜವಾದ ಎಣಿಕೆ ಎಚ್ಚರದಲ್ಲಿ ಸಿಗದು.

ಹಾಗಾದರೆ ಎಬ್ಬಿಸುವುದೇಕೆ? ಪ್ರಜ್ಞೆಯನ್ನು ನೋಡಲು. 2017ರ ತಿದ್ದುಪಡಿಯಲ್ಲಿ ಸೇರಿದ ಮುಖ್ಯ ಅಂಶ ‘ಹೊಸದಾಗಿ ಕಾಣಿಸಿಕೊಂಡ ಗಲಿಬಿಲಿ’, ಅದಕ್ಕೆ ನೇರವಾಗಿ 3 ಅಂಕ. ಸಂಜೆಯವರೆಗೂ ಸರಿಯಾಗಿ ಮಾತಾಡಿದ ಅಜ್ಜ ರಾತ್ರಿ ತಾನೆಲ್ಲಿದ್ದೇನೆ ಎಂದು ತಡವರಿಸಿದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬಾರದು. ವಯಸ್ಸಾದವರಲ್ಲಿ ಸೋಂಕು ಬಹಳ ಸಲ ಜ್ವರವಿಲ್ಲದೆ ಬರುತ್ತದೆ, ಗಲಿಬಿಲಿಯೇ ಅದರ ಮೊದಲ ಗುರುತು. ಮಲಗಿದವರಲ್ಲಿ ಇದು ಕಾಣುವುದಿಲ್ಲ. ಮಾರ್ಫಿನ್‌ನಂಥ ನೋವಿನ ಮದ್ದು ಪಡೆದವರಲ್ಲಿ ಇನ್ನೊಂದು ಅಪಾಯವಿದೆ. ದೂರದಿಂದ ಗಾಢ ನಿದ್ದೆಯಂತೆ ಕಾಣುವುದು ಮದ್ದಿನ ಮಂಪರು ಇರಬಹುದು, ಗೊರಕೆ ಅರ್ಧ ಕಟ್ಟಿದ ಉಸಿರುದಾರಿಯ ಸದ್ದಿರಬಹುದು. ಹೆಸರು ಹಿಡಿದು ಕರೆದಾಗ ಕಣ್ಣು ತೆರೆದು ಎರಡು ಮಾತಾಡಿದರೆ ಆ ಅನುಮಾನ ತೀರುತ್ತದೆ.

ಮಾನಿಟರ್ ಇದನ್ನು ಮಾಡಲಾರದು. ಅದು ತೋರಿಸುವ ಉಸಿರಿನ ಸಂಖ್ಯೆ ಎದೆಗೆ ಅಂಟಿಸಿದ ಇಸಿಜಿ ಪಟ್ಟಿಗಳಿಂದ ಬರುವ ಅಂದಾಜು, ಹೊರಳಿದರೂ ಕೆಮ್ಮಿದರೂ ಕೆಡುತ್ತದೆ. ಆಮ್ಲಜನಕ ಹಾಕಿದ ರೋಗಿಯ ಉಸಿರು ನಿಮಿಷಕ್ಕೆ 8ಕ್ಕೆ ಇಳಿದರೂ ಬೆರಳಿನ ಕ್ಲಿಪ್ 98 ತೋರಿಸುತ್ತಿರಬಹುದು. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಆ ಕ್ಲಿಪ್ಪಿನ ಸಂಖ್ಯೆ ತಪ್ಪಬಹುದು. ಮೈಬಣ್ಣದಿಂದಲೂ ವ್ಯತ್ಯಾಸವಾಗುತ್ತದೆ: 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಕ್ಲಿಪ್ 92ರಿಂದ 96 ತೋರಿಸುತ್ತಿದ್ದಾಗ, ರಕ್ತ ತೆಗೆದು ನೋಡಿದರೆ 88ಕ್ಕಿಂತ ಕೆಳಗಿದ್ದ ಪ್ರಮಾಣ ಬಿಳಿಯರಲ್ಲಿ ಶೇ. 3.6, ಕಪ್ಪು ಜನಾಂಗದವರಲ್ಲಿ ಶೇ. 11.7. ಬಿಪಿ ಪಟ್ಟಿಯೂ ಅಷ್ಟೇ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇರುವುದಕ್ಕಿಂತ ಹೆಚ್ಚು ತೋರಿಸಿ ಇಳಿದ ಬಿಪಿಯನ್ನು ಮುಚ್ಚಿಡುತ್ತದೆ. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿ ಏರುವುದಿಲ್ಲ, ಹೊತ್ತುಹೊತ್ತಿಗೆ ಪ್ಯಾರಸಿಟಮಾಲ್ ಹೋಗುತ್ತಿದ್ದರೆ ಜ್ವರ ಕಾಣುವುದಿಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಈ ಪ್ರಶ್ನೆ ಇನ್ನೂ ಜೋರಾಗಿ ಬರುವುದು ಡೆಂಗಿ ವಾರ್ಡಿನಲ್ಲಿ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. “ಜ್ವರ ಬಿಟ್ಟಿದೆಯಲ್ಲ, ಈಗಲೂ ಗಂಟೆಗೊಮ್ಮೆ ಯಾಕೆ?” ಎಂದು ಮನೆಯವರು ಕೇಳುತ್ತಾರೆ. ಜ್ವರ ಬಿಟ್ಟಿದ್ದರಿಂದಲೇ. ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರಲು ಶುರುವಾಗುತ್ತದೆ. ಎಲ್ಲರ ಕಣ್ಣು ಪ್ಲೇಟ್‌ಲೆಟ್ ಮೇಲೆ. ಸೋರಿಕೆ ಕಾಣುವುದು ಬೇರೆ ಕಡೆ. ಬಿಪಿಯ ಮೇಲಿನ ಮತ್ತು ಕೆಳಗಿನ ಸಂಖ್ಯೆಗಳ ಅಂತರ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದರೆ, ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 40 ಇದ್ದದ್ದು 48ಕ್ಕೆ ಏರಿದರೆ, ಉಗುರು ಒತ್ತಿ ಬಿಟ್ಟಾಗ ಕೆಂಪು ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಬಿಡದ ಹೊಟ್ಟೆನೋವು-ವಾಂತಿ ಇದ್ದರೆ ಡಾಕ್ಟರಿಗೆ ತಕ್ಷಣ ತಿಳಿಸಬೇಕು. ಬಿಪಿ 110/90 ಎಂದಿರಲಿ. ನ್ಯೂಸ್ ಅಂಕಪಟ್ಟಿ ಮೇಲಿನ ಸಂಖ್ಯೆ ಮಾತ್ರ ನೋಡಿ 1 ಅಂಕ ಕೊಡುತ್ತದೆ. ಡೆಂಗಿ ಬಲ್ಲ ನರ್ಸ್ ಅಂತರ 20 ಎಂದು ನೋಡಿ ಫೋನ್ ಎತ್ತುತ್ತಾರೆ. ಅಂಕಪಟ್ಟಿ ನೆರವಿಗೆ ಇರುವುದು, ಅದನ್ನು ಓದುವ ತಲೆ ಬೇಕೇ ಬೇಕು.

ಮೂತ್ರವೂ ಆ ಏಳರ ಪಟ್ಟಿಯಲ್ಲಿಲ್ಲ, ಆದರೆ ಕಡೆಗಣಿಸುವಂತಿಲ್ಲ. ವಯಸ್ಕರಲ್ಲಿ ತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಎಂ.ಎಲ್. ಬರಬೇಕು. 60 ಕಿಲೋ ಇದ್ದವರಿಗೆ ಗಂಟೆಗೆ 30. ಕ್ಯಾಥೆಟರ್ ಚೀಲ ತುಂಬಿದಾಗ ಮಾತ್ರ ಅಳೆಯುವ ರೂಢಿಯಿದ್ದರೆ ಇದು ಗೊತ್ತೇ ಆಗದು.

ಎಣಿಸಿ, ಕೂಡಿಸಿ ಆದ ಮೇಲೆ ಕರೆಯಬೇಕು. ಸರಪಳಿ ಹೆಚ್ಚು ಸಲ ಕಡಿಯುವುದು ಇಲ್ಲೇ. 2005ರಲ್ಲಿ ಆಸ್ಟ್ರೇಲಿಯದ 23 ಆಸ್ಪತ್ರೆಗಳಲ್ಲಿ, ಹದಗೆಡುತ್ತಿರುವ ರೋಗಿಯ ಬಳಿಗೆ ಧಾವಿಸುವ ತುರ್ತು ತಂಡಗಳ ಬಗ್ಗೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ತಂಡ ಇದ್ದಷ್ಟರಿಂದಲೇ ಸಾವು ಗಣನೀಯವಾಗಿ ಇಳಿಯಲಿಲ್ಲ. ಅಳತೆಗಳು ಗೆರೆ ದಾಟಿದ್ದರೂ ತಂಡವನ್ನು ಕರೆಯದೇ ಹೋದ ಸಂದರ್ಭಗಳು ಬಹಳವಿದ್ದವು. ರಾತ್ರಿ ಹೊತ್ತು ವೈದ್ಯರನ್ನು ಎಬ್ಬಿಸಲು ಹಿಂಜರಿಯುವುದು ನಮ್ಮಲ್ಲೂ ಇದೆ, ಬೈಗುಳದ ಭಯ ಅದಕ್ಕೆ ದೊಡ್ಡ ಕಾರಣ. “ಡಾಕ್ಟ್ರೇ, ಪೇಷೆಂಟ್ ಯಾಕೋ ಸರಿ ಇಲ್ಲ” ಎಂದರೆ “ಬೆಳಿಗ್ಗೆ ನೋಡೋಣ” ಎಂಬ ಉತ್ತರ ಬರುವ ಸಾಧ್ಯತೆ ಹೆಚ್ಚು. ಹೀಗೆ ಹೇಳಿದರೆ ಬೇರೆ:

“ಡಾಕ್ಟ್ರೇ, ಸರ್ಜಿಕಲ್ ವಾರ್ಡಿಂದ ಮಾತಾಡ್ತಿದೀನಿ. 12ನೇ ಬೆಡ್, ಕರುಳಿನ ಆಪರೇಷನ್ ಆಗಿ ನಾಲ್ಕನೇ ದಿನ. ಹತ್ತು ಗಂಟೆಗೆ ಸ್ಕೋರ್ 2 ಇತ್ತು, ಈಗ 5. ಉಸಿರು 22, ನಾಡಿ 104, ಬಿಪಿ 108. ನಾಲ್ಕು ಗಂಟೇಲಿ ಯೂರಿನ್ 80 ಎಂ.ಎಲ್. ಮಾತ್ರ, ಹೊಟ್ಟೆ ಗಟ್ಟಿಯಾಗಿದೆ. ಒಳಗೆ ಸೋಂಕು ಇರಬಹುದು ಅನ್ಸುತ್ತೆ. ನೀವು ಈಗ ಬಂದು ನೋಡಬೇಕು. ಅಷ್ಟರಲ್ಲಿ ಬ್ಲಡ್ ಕಲ್ಚರ್, ಲ್ಯಾಕ್ಟೇಟ್‌ಗೆ ರಕ್ತ ತೆಗೆಯಲಾ?”

ಏನಾಗಿದೆ, ಹಿನ್ನೆಲೆ ಏನು, ನನಗೇನನ್ನಿಸುತ್ತದೆ, ಏನು ಬೇಕು – ಅರ್ಧ ನಿಮಿಷದಲ್ಲಿ ನಾಲ್ಕೂ ಬಂದವು. ಸೋಂಕಿನಿಂದ ಆಘಾತಕ್ಕೆ (ಬಿಪಿ ಕುಸಿಯುವ ‘ಶಾಕ್’ ಸ್ಥಿತಿಗೆ) ಹೋಗುತ್ತಿರುವವರಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಹೋಗಬೇಕು, ಅದು ಹೋಗುವ ಮೊದಲೇ ಕಲ್ಚರ್‌ಗೆ, ಅಂದರೆ ರೋಗಾಣು ಪತ್ತೆಗೆ, ರಕ್ತ ತೆಗೆದಿರಬೇಕು.

ಸಂಖ್ಯೆಗೆ ಮೊದಲೇ ನರ್ಸ್‌ಗೆ ಅನುಮಾನ ಬರುವುದೂ ಉಂಟು. ಮೊದಲು ಅದನ್ನು ಬರೀ ಅನಿಸಿಕೆ ಎನ್ನುತ್ತಿದ್ದರು, ಈಗ ಸಂಶೋಧನೆಯೇ ಅದನ್ನು ಲೆಕ್ಕಕ್ಕೆ ತಂದಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ‘ಕನ್ಸರ್ನ್’ ಎಂಬ ವ್ಯವಸ್ಥೆ ಮಾಡಿತು. ಅದು ನೋಡುವುದು ನರ್ಸ್ ಬರೆಯುವ ರೀತಿಯನ್ನು: ನಿಗದಿಗಿಂತ ಹೆಚ್ಚು ಸಲ ಅಳತೆ ತೆಗೆದರೇ, ರಾತ್ರಿ ಹೊತ್ತು ಮತ್ತೆ ಮತ್ತೆ ಹೋಗಿ ನೋಡಿದರೇ, ಚಾರ್ಟಿನ ಬದಿಗೆ ಟಿಪ್ಪಣಿ ಸೇರಿಸಿದರೇ ಎಂದು. 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 60 ಸಾವಿರಕ್ಕೂ ಹೆಚ್ಚು ದಾಖಲಾತಿಗಳಲ್ಲಿ, ಈ ವ್ಯವಸ್ಥೆ ಇದ್ದ ವಾರ್ಡುಗಳಲ್ಲಿ ಸಾವಿನ ಅಪಾಯ ಶೇ. 35.6ರಷ್ಟು ಕಡಿಮೆಯಿತ್ತು. ಸಿಸ್ಟರ್ ಮತ್ತೊಮ್ಮೆ ಬಂದು ನೋಡಿದರೆ ಅದಕ್ಕೊಂದು ಕಾರಣವಿದೆ ಎಂದು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಆದರೆ ಮತ್ತೊಮ್ಮೆ ಬರಲು ಕೈ ಖಾಲಿ ಇರಬೇಕಲ್ಲ. ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳ ಅಧ್ಯಯನ 2014ರಲ್ಲಿ ತೋರಿಸಿದಂತೆ, ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೂ ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ. 7ರಷ್ಟು ಹೆಚ್ಚು. ನಮ್ಮ ಎಷ್ಟೋ ವಾರ್ಡುಗಳಲ್ಲಿ ರಾತ್ರಿ ಪಾಳಿಗೆ ಒಬ್ಬರೇ ಇರುತ್ತಾರೆ. ಮೂವತ್ತು ರೋಗಿಗಳ ಉಸಿರು ಎಣಿಸಲು ಅರ್ಧ ಗಂಟೆ ಬೇಕು, ಉಸಿರೊಂದಕ್ಕೇ. ಊಹೆಯ 18 ಹುಟ್ಟುವುದು ಸೋಮಾರಿತನದಿಂದ ಎಂದು ನಾನು ಒಪ್ಪುವುದಿಲ್ಲ.

ಎಲ್ಲರನ್ನೂ ಎಬ್ಬಿಸಬೇಕೇ ಎಂದರೆ, ಬೇಡ. ಶಿಕಾಗೋ ವಿಶ್ವವಿದ್ಯಾಲಯದ 2013ರ ಅಧ್ಯಯನ ಹೇಳಿದ್ದು ಅದನ್ನೇ: ಅಪಾಯ ತೀರಾ ಕಡಿಮೆ ಇದ್ದವರನ್ನೂ ಅಪಾಯದಲ್ಲಿದ್ದವರಷ್ಟೇ ಸಲ ಎಬ್ಬಿಸಲಾಗುತ್ತಿತ್ತು. ಅಂಕ ಸೊನ್ನೆ ಇದ್ದು ಸ್ಥಿರವಾಗಿರುವವರಿಗೆ 12 ಗಂಟೆಗೊಮ್ಮೆ ಸಾಕು. ನಿಮ್ಮವರ ವಿಷಯದಲ್ಲಿ ಹಗಲೇ ಕೇಳಿ: “ಸ್ಕೋರ್ ಎಷ್ಟಿದೆ, ರಾತ್ರಿ ಎಬ್ಬಿಸಲೇಬೇಕಾ?”

ಪಕ್ಕದಲ್ಲಿ ಕೂತವರಿಗೆ ಚಾರ್ಟಿನಲ್ಲಿ ಇಲ್ಲದ ಒಂದು ಸಂಗತಿ ಗೊತ್ತಿರುತ್ತದೆ – ಈ ಮನುಷ್ಯ ಮಾಮೂಲಾಗಿ ಹೇಗಿರುತ್ತಾರೆ ಎಂಬುದು. ಇಂಗ್ಲೆಂಡಿನಲ್ಲಿ ಮಾರ್ಥಾ ಎಂಬ 13 ವರ್ಷದ ಹುಡುಗಿ 2021ರಲ್ಲಿ ಸೋಂಕು ರಕ್ತಕ್ಕೇರಿ ತೀರಿಕೊಂಡಳು. ಅಪ್ಪ-ಅಮ್ಮ ಹೇಳಿದ ಆತಂಕಕ್ಕೆ ಯಾರೂ ಕಿವಿಗೊಟ್ಟಿರಲಿಲ್ಲ. ಆ ಮೇಲೆ ‘ಮಾರ್ಥಾ ನಿಯಮ’ ಬಂತು. 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಮನೆಯವರೇ ಬೇರೊಂದು ತಂಡವನ್ನು ನೇರವಾಗಿ ಕರೆಯುವ ಏರ್ಪಾಡು ಜಾರಿಗೆ ಬರತೊಡಗಿತು. ನಮ್ಮಲ್ಲಿ ಅಂಥ ನಿಯಮವಿಲ್ಲದಿದ್ದರೂ ನರ್ಸಿಂಗ್ ಸ್ಟೇಷನ್ನಿಗೆ ಹೋಗಿ ಹೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. “ಏನೋ ಒಂಥರಾ ಆಗಿದಾರೆ” ಎನ್ನುವ ಬದಲು ಕಂಡದ್ದನ್ನೇ ಹೇಳಿ: “ಸಿಸ್ಟರ್, ಸಂಜೆ ಮೊಮ್ಮಗಳ ಹೆಸರು ಹೇಳಿದ್ರು, ಈಗ ಯಾರು ಅಂತ ಕೇಳ್ತಿದಾರೆ. ಕೈ ತಣ್ಣಗಿದೆ. ಒಂದು ವಾಕ್ಯ ಮುಗಿಸೋಕೆ ಎರಡು ಸಲ ಉಸಿರು ಎಳ್ಕೊಳ್ತಿದಾರೆ.”