ಆನೆಯಲ್ಲ, ಮಕರ

ಅಜ್ಜಿಯ ಒಂದು ಜೊತೆ ಚಿನ್ನದ ಕಡಗ ನನ್ನ ಪಾಲಿಗೆ ಬಂದಿತ್ತು. ಒಂದೊಂದರಲ್ಲೂ ಎದುರುಬದುರು ಎರಡು ಮುಖ. ಸೊಂಡಿಲಿತ್ತು, ಹಾಗಾಗಿ ಚಿಕ್ಕಂದಿನಿಂದ ಆನೆ ಅಂತಲೇ ತಿಳಿದಿದ್ದೆ. ಒಂದು ಮುಖದ ಕಣ್ಣಿನ ಕೆಂಪು ಹರಳು ಬಿದ್ದುಹೋಗಿತ್ತು. ಅಂಗಡಿಯೊಂದರಲ್ಲಿ ತೋರಿಸಿದೆ. "ಒಳಗೆಲ್ಲ ಅರಗು ಮೇಡಂ, ಕರಗಿಸಿ ಹೊಸ ಬಳೆ ತಗೊಳ್ಳಿ" ಅಂದರು. ಮನಸ್ಸು ಒಪ್ಪಲಿಲ್ಲ.

ಮೈಸೂರಿನಲ್ಲಿ ನಮ್ಮ ಮನೆಗೆ ಹಿಂದಿನಿಂದಲೂ ಒಡವೆ ಮಾಡಿಕೊಡುತ್ತಿದ್ದ ಆಚಾರ್ರ ಹತ್ತಿರ ಹೋದೆ. ಅವರು ಕಡಗವನ್ನು ಬೆಳಕಿಗೆ ಹಿಡಿದರು.

"ಆನೆ ಅಂದ್ಯಾ? ಬಾಯಿ ನೋಡಮ್ಮ. ಆನೆಗೆ ಇಂಥಾ ಹಲ್ಲಿನ ಸಾಲು ಎಲ್ಲಿದೆ? ಇದು ಮೊಸಳೆ ಬಾಯಿ. ಮಕರ ಇದು."

ಗಂಗೆಯ ವಾಹನ, ವರುಣನ ವಾಹನ, ವಿಷ್ಣುವಿನ ಕಿವಿಯ ಕುಂಡಲ. ಅದೇ ಮಕರ! ಇಷ್ಟು ವರ್ಷ ಕೈಯಲ್ಲೇ ಇಟ್ಟುಕೊಂಡು ಗುರುತಿಸಿರಲಿಲ್ಲ.

ಅರಗಿನ ಮಾತು ಕೇಳಿ ಆಚಾರ್ರಿಗೆ ಬೇಜಾರಾಯಿತು. ತೆಳು ತಗಡಿಗೆ ಹಿಂದಿನಿಂದ ಅರಗಿನ ಆಸರೆ ಇದ್ದರೇನೇ ಸಣ್ಣ ಉಳಿಯಲ್ಲಿ ತಟ್ಟಿ ಹಲ್ಲು, ಹುಬ್ಬು ಮೂಡಿಸೋಕಾಗುವುದು. ಇಲ್ಲದಿದ್ದರೆ ತಗಡು ಹರಿಯುತ್ತದೆ. "ಕರಗಿಸಿದ್ರೆ ಚಿನ್ನ ಉಳಿಯುತ್ತೆ. ಈ ಮುಖ ಮತ್ತೆ ಬರುತ್ತಾ?" ಅಂದರು. ಬೆಂಕಿ ತಾಗಿದರೆ ಅರಗು ಕರಗುತ್ತದಲ್ಲ, ಅದಕ್ಕೆ ಹರಳನ್ನು ಗೂಡಿನಲ್ಲಿ ಕೂರಿಸಿ, ಸುತ್ತಲಿನ ಚಿನ್ನದ ಅಂಚನ್ನು ನಿಧಾನವಾಗಿ ಒತ್ತಿ ಒತ್ತಿ ಹಿಡಿಸಿದರು. ಮುಗಿಯುವವರೆಗೂ ಪಕ್ಕದಲ್ಲೇ ಕೂತು ನೋಡಿದೆ. ಎರಡನೇ ಕಣ್ಣು ಬಂದ ಕೂಡಲೇ ಆ ಮುಖಕ್ಕೆ ಜೀವ ಬಂದಂತಾಯಿತು.

ಆ ಭಾನುವಾರ ಕಡಗ ತೊಟ್ಟುಕೊಂಡೇ ಸೋಮನಾಥಪುರಕ್ಕೆ ಹೋದೆ. 1258ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಕೇಶವ ದೇವಾಲಯ. ಹೊರಗೋಡೆಯಲ್ಲಿ ಕೆಳಗಿನಿಂದ ಆನೆ, ಕುದುರೆ, ಬಳ್ಳಿ, ಪುರಾಣದ ಕತೆ, ಅದರ ಮೇಲೆ ಮಕರಗಳ ಸಾಲು, ಆಮೇಲೆ ಹಂಸ. ಶಾಲೆಯಿಂದ ಪ್ರವಾಸ ಬಂದಾಗ ಕತೆಗಳನ್ನಷ್ಟೇ ನೋಡಿದ್ದೆ. ಈಗ ಕಣ್ಣು ಮಕರದ ಮೇಲೇ ನಿಂತಿತು. ಸೊಂಡಿಲು, ಮೊಸಳೆ ಬಾಯಿ, ಹಂದಿಯಂಥ ಮೈ, ಸಿಂಹದ ಕಾಲು. ಬಾಲ ಮಾತ್ರ ನವಿಲಿನದು, ಸುರುಳಿ ಸುರುಳಿಯಾಗಿ ಮೇಲೆದ್ದಿದೆ.

ಕಡಗದ ಮಕರಕ್ಕೆ ಬಾಲವೇ ಇಲ್ವಲ್ಲ ಅಂತ ಕೈ ತಿರುಗಿಸಿ ನೋಡಿದೆ. ಸುಮ್ನೆ ಬಳ್ಳಿ ಅಂದುಕೊಂಡಿದ್ದ ಸುರುಳಿಗಳು ಎರಡು ಕತ್ತುಗಳಿಂದಲೂ ಹೊರಟು, ಮಣಿಕಟ್ಟನ್ನು ಸುತ್ತಿ, ಹಿಂದೆ ಒಂದಕ್ಕೊಂದು ಸೇರಿದ್ದವು.