ಮೈಯರ್, ‘ಆ-ಈ’ ಹಾಕಿ ಬರೆಯಿರಿ

ನನ್ನ ಮಗಳ ಮನೆಹೆಸರು ಮೈಯರ್. ಅವಳಪ್ಪ ಜರ್ಮನಿಯ ಶ್ವಾಬಿಯಾ ಕಡೆಯವರು. ಅಲ್ಲಿ ಫೋನಿನಲ್ಲಿ ಈ ಹೆಸರು ಹೇಳಿದರೆ ಅಷ್ಟಕ್ಕೇ ಮುಗಿಯುವುದಿಲ್ಲ. ‘ಮೈಯರ್ ಮಿಟ್ ಆ-ಈ’ ಅಂತ ನಮ್ಮತ್ತೆ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ‘ಆ’ ಮತ್ತು ‘ಈ’, ಅಂದರೆ a ಮತ್ತು i ಅಕ್ಷರ ಹಾಕಿ Maier ಎಂದು ಬರೆದುಕೊಳ್ಳಿ ಅಂತ. ಬಾಯಲ್ಲಿ ಒಂದೇ ಹೆಸರು, ಬರವಣಿಗೆಯಲ್ಲಿ ನಾಲ್ಕೈದು ಥರ. ಉತ್ತರದ ಲೋವರ್ ಸ್ಯಾಕ್ಸನಿಯಲ್ಲಿ ‘ಏ-ಇಪ್ಸಿಲೊನ್’ (e-y, Meyer) ಜಾಸ್ತಿ, ಶ್ವಾಬಿಯಾ ಕಡೆಯ ವುರ್ಟೆಂಬರ್ಗ್‌ನಲ್ಲಿ ನಮ್ಮ ‘ಆ-ಈ’. ಬವೇರಿಯಾ ಕಡೆ ಕೆಲವರು ನಡುವಿನ ಸ್ವರ ಬಿಟ್ಟು ‘ಮೈರ್’ ಎಂದೇ ಬರೆಯುತ್ತಾರೆ.

ಹೆಸರಿನ ಬೇರು ಲ್ಯಾಟಿನ್ನಿನ ‘ಮಾಯೊರ್’. ಹಿರಿಯ, ದೊಡ್ಡವನು ಎಂದರ್ಥ. ಮಧ್ಯಯುಗದಲ್ಲಿ ಜಮೀನ್ದಾರನ ಅಥವಾ ಮಠದ ಜಮೀನಿನ ಪಾರುಪತ್ಯ ನೋಡುತ್ತಿದ್ದವನೇ ಮೈಯರ್. ರೈತರಿಂದ ಧಾನ್ಯ ವಸೂಲಿ ಮಾಡುವುದು, ಆಳುಗಳಿಂದ ದುಡಿಸುವುದು ಅವನ ಕೆಲಸ. ಕಾಲ ಕಳೆದಂತೆ ಆ ಜಮೀನನ್ನು ಗೇಣಿಗೆ ಹಿಡಿದವರಿಗೂ ಅದೇ ಹೆಸರು ಬಂತು. ಊರಿಗೊಬ್ಬ ಮೈಯರ್ ಇದ್ದ ಮೇಲೆ ದೇಶದ ತುಂಬ ಮೈಯರ್‌ಗಳಾಗದೆ ಇರುತ್ತಾರಾ? ಗೊಂದಲ ಬೇಡ ಅಂತ ಮೇಲಿನ ಹೊಲದವನು ಓಬರ್‌ಮೈಯರ್ ಆದ, ಕೆಳಗಿನವನು ನೀಡರ್‌ಮೈಯರ್, ಹಳ್ಳದ ಪಕ್ಕದವನು ಬಾಖ್‌ಮೈಯರ್.

ವುರ್ಟೆಂಬರ್ಗ್‌ನ ಚರ್ಚುಗಳಲ್ಲಿ 1808ರಿಂದ ಕುಟುಂಬಕ್ಕೊಂದು ಪುಟದಂತೆ ರಿಜಿಸ್ಟರ್ ಬರೆದಿಟ್ಟಿದ್ದಾರೆ. ನಮ್ಮವರ ಪುಟ ನೋಡಿ ನನಗೆ ಕಣ್ಣು ತುಂಬಿ ಬಂತು. ಮೇಲೆ ಗಂಡ, ಹೆಂಡತಿ, ಅವರವರ ಅಪ್ಪ ಅಮ್ಮ. ಕೆಳಗೆ ಸಾಲಾಗಿ ಮಕ್ಕಳು. ಎಷ್ಟೋ ಮಕ್ಕಳ ಹೆಸರಿನ ಎದುರು ಹುಟ್ಟಿದ ವರ್ಷವೇ ಸತ್ತ ತಾರೀಖೂ ಇದೆ. ಒಬ್ಬ ಮಗನ ಹೆಸರಿನ ಪಕ್ಕ ‘ಅಮೆರಿಕಕ್ಕೆ’ ಎಂದಷ್ಟೇ ಇದೆ. ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದ ಲಿಪಿ, ಓದಲು ಬಹಳ ತಾಳ್ಮೆ ಬೇಕು. ಅಪ್ಪನ ಹೆಸರು ‘ಆ-ಈ’, ಮಗನದು ‘ಆ-ಇಪ್ಸಿಲೊನ್’. ಪಾದ್ರಿ ಕಿವಿಗೆ ಬಿದ್ದ ಹಾಗೆ ಬರೆದಿದ್ದಾರೆ. 1876ರಲ್ಲಿ ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ಸರ್ಕಾರಿ ಜನನ-ಮರಣ ನೋಂದಣಿ ಬಂದ ಮೇಲೆ ಕಾಗುಣಿತ ಬದಲಾಗುವುದು ಬಹುಮಟ್ಟಿಗೆ ನಿಂತುಹೋಯಿತು. ಆ ಹೊತ್ತಿಗೆ ಗುಮಾಸ್ತ ಬರೆದದ್ದೇ ಕಾಯಂ.

ಇನ್ನೊಂದು ಮೈಯರ್ ಇದೆ, ಅದರ ಬೇರೇ ಬೇರೆ. ಯಹೂದಿಗಳಲ್ಲಿ ‘ಮೇಯಿರ್’ ಎಂಬುದು ಹೀಬ್ರೂ ಹೆಸರು, ಬೆಳಕು ಕೊಡುವವನು ಎಂದು. ಪ್ರಷ್ಯಾದಲ್ಲಿ 1812ರಲ್ಲಿ, ವುರ್ಟೆಂಬರ್ಗ್‌ನಲ್ಲಿ 1828ರಲ್ಲಿ ಯಹೂದಿಗಳಿಗೆ ಕಾಯಂ ಮನೆಹೆಸರು ಕಡ್ಡಾಯವಾದಾಗ ಹಲವರು ಇದನ್ನೇ ಮೈಯರ್ ಮಾಡಿಕೊಂಡರು. ಹೀಗಾಗಿ ಮನೆಹೆಸರು ಕೇಳಿ ಯಾರು ಯಹೂದಿ ಅಂತ ಹೇಳಲು ಆಗುತ್ತಲೇ ಇರಲಿಲ್ಲ. ನಾಜಿಗಳಿಗೆ ಆ ಗುರುತೇ ಬೇಕಿತ್ತು. 1939ರ ಜನವರಿಯಿಂದ ಹೆಸರಿನಲ್ಲೇ ಗುರುತು ಸಿಗದ ಯಹೂದಿ ಗಂಡಸರು ‘ಇಸ್ರೇಲ್’, ಹೆಂಗಸರು ‘ಸಾರಾ’ ಎಂದು ಸೇರಿಸಿಕೊಳ್ಳಲೇಬೇಕು ಎಂದು ಹುಕುಂ ಮಾಡಿದರು. ಈ ಸಾಲು ಬರೆಯುವಾಗಲೂ ಮೈ ಉರಿಯುತ್ತದೆ.

ನಿಮ್ಮ ಮನೆಯಲ್ಲೂ ಯಾರಾದರೂ ಮೈಯರ್ ಇದ್ದರೆ, ಸುಮ್ನೆ ಹೆಸರು ಹಿಡಿದು ನೆಂಟಸ್ತಿಕೆ ಹುಡುಕಬೇಡಿ. ವಾಯುವ್ಯ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಂತೂ ಮನೆ ಅಳಿಯನಾಗಿ ಬಂದವನಿಗೆ ಆ ಹೊಲಮನೆಯ ಹೆಸರೇ ಅಂಟಿಕೊಳ್ಳುತ್ತಿತ್ತು. ಮೊದಲು ಊರು ಯಾವುದು, ಚರ್ಚ್ ಯಾವುದು ಅಂತ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ.