ಸಕ್ಕರೆ ಇಳಿಸಲು ಮೊದಲು ಲೋಟ, ಆಮೇಲೆ ತಟ್ಟೆ

330 ಮಿ.ಲೀ. ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ ಎಂಟು ಚಮಚಕ್ಕೂ ಮಿಕ್ಕಿ. ಬದಲಿಗೆ ಸೋಡಾ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ನಾಲ್ಕು ಪುದೀನ ಎಲೆ ಜಜ್ಜಿ ಹಾಕಿ. ಚೆನ್ನಾಗಿ ತಣ್ಣಗಿರಲಿ, ಬೆಚ್ಚಗಾದರೆ ಗ್ಯಾಸ್ ಹೋಗಿ ಸಪ್ಪೆಯಾಗುತ್ತದೆ, ಕೈ ಮತ್ತೆ ಕೋಲಾ ಬಾಟಲಿಯತ್ತಲೇ ಹೋಗುತ್ತದೆ.

ಚಹಾ, ಕಾಫಿಗೆ ಸಕ್ಕರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ, ನಾಲಿಗೆ ಒಪ್ಪುವುದಿಲ್ಲ. ಎರಡು ಚಮಚ ಹಾಕುವವರು ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ಇಲ್ಲಿ ಲೆಕ್ಕ ತಪ್ಪುವುದು ಅಳತೆಯಲ್ಲಿ: ಅಂಚಿಗೆ ಸಮವಾಗಿ ತೀಡಿದ ಚಮಚ ಸುಮಾರು 4 ಗ್ರಾಂ, ಗೋಪುರದಂತೆ ತುಂಬಿದರೆ ಹೆಚ್ಚುಕಡಿಮೆ ಅದರ ಎರಡು ಪಟ್ಟು. ಚಿಟಿಕೆ ದಾಲ್ಚಿನ್ನಿ ಪುಡಿ ಸಿಹಿಯ ಭ್ರಮೆ ಕೊಡುತ್ತದೆ. ಜೇನು, ಕಂದು ಸಕ್ಕರೆ ‘ಆರೋಗ್ಯಕರ’ ಎಂದು ಧಾರಾಳವಾಗಿ ಸುರಿಯುವುದು ನಮ್ಮನ್ನು ನಾವೇ ಏಮಾರಿಸಿಕೊಳ್ಳುವ ಕೆಲಸ.

ಹಣ್ಣಿನ ರುಚಿಯ ಮೊಸರು ಕೊಳ್ಳುವ ಮುನ್ನ ಲೇಬಲ್ ನೋಡಿ. 100 ಗ್ರಾಂ ಸಾದಾ ಮೊಸರಿನಲ್ಲೇ 4–5 ಗ್ರಾಂ ಹಾಲಿನ ಸಹಜ ಸಕ್ಕರೆ ಇರುತ್ತದೆ. ಡಬ್ಬಿಯ ಮೇಲೆ 12 ಎಂದಿದ್ದರೆ ಮಿಕ್ಕಿದ್ದರಲ್ಲಿ ಬಹುಪಾಲು ಬೆರೆಸಿದ್ದೇ. ಸಾದಾ ಮೊಸರಿಗೆ ಅರ್ಧ ಬಾಳೆಹಣ್ಣು ಕಿವುಚಿಕೊಳ್ಳಿ. ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಮೂಡಿದ ಹಣ್ಣೇ ಆಗಬೇಕು, ಕಾಯಿಬಾಳೆ ಒಗರು.

ಜ್ಯೂಸ್? ಹಣ್ಣನ್ನೇ ತಿನ್ನಿ.